ಒಂದು ಪ್ಯಾಕಾ, ಆರು ಪ್ಯಾಕಾ: ಬ್ಲ್ಯಾಕ್‌ಜಾಕ್‌ನಲ್ಲಿ ಎಲೆ ಎಣಿಸೋರಿಗೆ ಯಾವ ಟೇಬಲ್ಲು

ಹಾಸನದಲ್ಲಿ ನನ್ನ ಪರಿಚಯದ ಹುಡುಗ್ರು ಗೋವಾಗೆ ಹೊರಡೋಕೆ ಮುಂಚೆ ಕೇಳೋದು ಇದನ್ನೇ, "ಅಣ್ಣಾ, ಪ್ಯಾಕ್ ಕಮ್ಮಿ ಇರೋ ಟೇಬಲ್ಲೇ ಒಳ್ಳೇದಲ್ವಾ, ಎಣಿಸೋಕೆ ಸುಲಭ". ಅರ್ಧ ನಿಜ. ಆದ್ರೆ ನನ್ ಲೆಕ್ಕದಲ್ಲಿ ಎಷ್ಟು ಪ್ಯಾಕ್ ಅನ್ನೋದು ಮೂರನೇ ಪ್ರಶ್ನೆ, ಮೊದ್ಲು ನೋಡ್ಬೇಕಾಗಿರೋದು ಮತ್ತೆ ಕಲೆಸೋಕೆ ಮುಂಚೆ ಎಷ್ಟು ಎಲೆ ಆಚೆ ಬರತ್ತೆ, ಆಮೇಲೆ ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೇಲಿ ಎಕ್ಕ ಮತ್ತೆ ಹತ್ತರ ಬೆಲೆಯ ಎಲೆ) ಬಿದ್ರೆ ಎಷ್ಟು ಕೊಡ್ತಾರೆ. ಇದನ್ನ ನಾನು ಕಲ್ತಿದ್ದು ಫೀನಿಕ್ಸ್‌ನಲ್ಲಿ ಪ್ರಾಜೆಕ್ಟ್ ಮೇಲಿದ್ದಾಗ, ವೀಕೆಂಡ್ ಆದ್ರೆ ಲಾಸ್ ವೇಗಾಸ್‌ಗೆ ಕಾರ್ ಓಡಿಸ್ಕೊಂಡು ಹೋಗಿ, ಆಮೇಲೆ ಊರಿಗೆ ವಾಪಸ್ ಬಂದು ಸಕಲೇಶಪುರದ ಹತ್ರ ಭಾವನ ತೋಟದಲ್ಲಿ ಮಳೆಗಾಲದಲ್ಲಿ ಎಲೆ ಹಂಚಿ ಹಂಚಿ ಗಟ್ಟಿ ಮಾಡ್ಕೊಂಡಿದ್ದು.

ಎಣಿಕೆ ಗೊತ್ತಿಲ್ದೆ ಇರೋರಿಗೆ ಚಿಕ್ಕದಾಗಿ. ಆಟ ಅಂದ್ರೆ ಎಲೆ ಹಂಚೋ ಡೀಲರ್ ವಿರುದ್ಧ 21 ದಾಟದೆ ಅದರ ಹತ್ರ ಹೋಗೋದು, ದೊಡ್ಡ ಎಲೆ ಜಾಸ್ತಿ ಉಳಿದಷ್ಟೂ ನಮಗೆ ಅನುಕೂಲ. ನಾನು ಬಳಸೋದು ಹೈ-ಲೋ. 2ರಿಂದ 6ರವರೆಗಿನ ಎಲೆ ಹೋದ್ರೆ ಪ್ಲಸ್ ಒಂದು, 7, 8, 9 ಸೊನ್ನೆ, ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಹೋದ್ರೆ ಮೈನಸ್ ಒಂದು. ಬಂದ ಮೊತ್ತಾನ ಇನ್ನೂ ಆಚೆ ಬರದೆ ಉಳಿದಿರೋ ಪ್ಯಾಕ್‌ಗಳಿಂದ ಭಾಗಿಸಿದ್ರೆ ಟ್ರೂ ಕೌಂಟ್. ಅದು ಒಂದು ಏರಿದ್ರೆ ಆಟಗಾರನ ಕಡೆಗೆ ಸುಮಾರು 0.5% ವಾಲತ್ತೆ. ನಿಯಮ ಪರವಾಗಿಲ್ಲ ಅನ್ನೋ ಆರು ಪ್ಯಾಕ್ ಟೇಬಲ್‌ನಲ್ಲಿ ಕ್ಯಾಸಿನೋ ಕಡೆ ಲಾಭ 0.5% ಆಸುಪಾಸು ಇರೋದ್ರಿಂದ ಟ್ರೂ ಕೌಂಟ್ ಪ್ಲಸ್ ಒಂದಕ್ಕೆ ಆಟ ಸಮ ಆಗತ್ತೆ, ಅದರ ಮೇಲೆ ಹೋದ್ರೆ ಮಾತ್ರ ಬೆಟ್ ಜಾಸ್ತಿ ಮಾಡೋದು.

ಈಗ ಒಂದು ಪ್ಯಾಕ್ ಆಟ. ಎಡ್ವರ್ಡ್ ಥಾರ್ಪ್ ಅನ್ನೋ ಗಣಿತದ ಮೇಷ್ಟ್ರು 1962ರಲ್ಲಿ ಎಲೆ ಎಣಿಸಿ ಗೆಲ್ಲಬಹುದು ಅಂತ ಲೆಕ್ಕ ಸಮೇತ ಪುಸ್ತಕ ಬರೆದಾಗ ನೆವಾಡಾದಲ್ಲಿ ಒಂದು ಪ್ಯಾಕ್ ಆಟ ಎಲ್ಲಾ ಕಡೆ ಇತ್ತು. ಇವತ್ತೂ ಅಲ್ಲಿ ಇದೆ, ಆದ್ರೆ ಸಾಮಾನ್ಯವಾಗಿ ಟೇಬಲ್ ಬಟ್ಟೆ ಮೇಲೆ 6:5 ಅಂತ ಬರೆದಿರತ್ತೆ. ಅಂದ್ರೆ 100 ಡಾಲರ್‌ಗೆ ಬ್ಲ್ಯಾಕ್‌ಜಾಕ್ ಬಿದ್ರೆ 150 ಬರ್ಬೇಕಾದ ಕಡೆ 120. ಬ್ಲ್ಯಾಕ್‌ಜಾಕ್ ಸರಾಸರಿ 21 ಕೈಗೆ ಒಂದು ಬೀಳತ್ತೆ, ಲೆಕ್ಕ ಹಾಕಿದ್ರೆ ಇದೊಂದೇ ನಿಯಮ ಸುಮಾರು 1.4% ತಿಂದು ಹಾಕತ್ತೆ, ಎಣಿಸಿ ಸಿಗೋ ಲಾಭ ಅದಕ್ಕಿಂತ ಕಮ್ಮಿ, ಇನ್ನೇನು ಉಳೀತು. 3:2 ಕೊಡೋ ಟೇಬಲ್ ಸಿಕ್ರೂ ಇನ್ನೊಂದು ಕಿರಿಕಿರಿ ಇದೆ, ಅಲ್ಲಿ ಡೀಲರ್‌ಗಳು ಸಾಮಾನ್ಯವಾಗಿ ಆರರ ನಿಯಮ ಅಂತ ಪಾಲಿಸ್ತಾರೆ, ಆಟಗಾರರ ಸಂಖ್ಯೆ ಮತ್ತೆ ರೌಂಡ್ ಕೂಡಿದ್ರೆ ಆರು ಆಗ್ಬೇಕು. ಒಬ್ಬನೇ ಕೂತ್ರೆ ಐದು ರೌಂಡ್, ಇಬ್ರಾದ್ರೆ ನಾಲ್ಕು. ಒಂದು ಕೈಗೆ ಸರಾಸರಿ 2.7 ಎಲೆ ಹಿಡಿದ್ರೆ ಒಬ್ಬನೇ ಕೂತಾಗ 27 ಎಲೆ ನೋಡ್ತೀರಿ, 52ರಲ್ಲಿ ಅರ್ಧ ಅಷ್ಟೇ. ಇನ್ನೂ ಜಿಪುಣರಾದ್ರೆ ಐದರ ನಿಯಮ, ಒಂದು ರೌಂಡ್ ಕಟ್.

ನಂಗೆ ಒಗ್ಗಿದ್ದು ಎರಡು ಪ್ಯಾಕ್. ಡೀಲರ್ ಕೈಯಲ್ಲೇ ಹಿಡ್ಕೊಂಡು ಎಲೆ ಎಸೀತಾನೆ, ಎರಡೂ ಎಲೆ ಮಗುಚಿ ಬೀಳತ್ತೆ, ನೀವು ಒಂದೇ ಕೈಯಲ್ಲಿ ಎತ್ತಿ ನೋಡ್ಬೇಕು, ಇನ್ನೊಂದು ಎಲೆ ಬೇಕಂದ್ರೆ ಎಲೆ ತುದಿಯಿಂದ ಬಟ್ಟೆ ಮೇಲೆ ನಿಮ್ಮ ಕಡೆ ಕೆರೀಬೇಕು, ಸಾಕಂದ್ರೆ ಚಿಪ್ಸ್ ಕೆಳಗೆ ತೂರಿಸ್ಬೇಕು. ಇಲ್ಲಿ ಎಣಿಸೋದು ಎರಡು ಪ್ಯಾಕ್ ಅಂದ್ಕೊಂಡಷ್ಟು ಸುಲಭ ಅಲ್ಲ, ಯಾಕಂದ್ರೆ ಪಕ್ಕದವರ ಎಲೆ ನಿಮಗೆ ಕಾಣಲ್ಲ, ಬಸ್ಟ್ ಆದೋರು (21 ದಾಟಿದೋರು) ಆಗಲೇ ಎಲೆ ಬಿಸಾಕ್ತಾರೆ, ಉಳಿದಿದ್ದೆಲ್ಲ ರೌಂಡ್ ಕೊನೇಲಿ ಡೀಲರ್ ಪಟಪಟ ಅಂತ ತಿರುಗಿಸಿ ದುಡ್ಡು ಕೊಟ್ಟು ಗುಡಿಸ್ಕೊಂಡು ಹೋಗ್ತಾನೆ, ಆ ಎರಡು ಮೂರು ಸೆಕೆಂಡ್‌ನಲ್ಲಿ ಒಟ್ಟಿಗೆ ಎಣಿಸ್ಬೇಕು. ಆದ್ರೂ ನಂಗೆ ಇದು ಯಾಕೆ ಇಷ್ಟ ಅಂದ್ರೆ 104 ಎಲೇಲಿ 70 ಚಿಲ್ಲರೆ ಆಚೆ ಬಂದ್ರೆ ಕೌಂಟ್ ಬೇಗ ಬೇಗ ಏರಿ ಇಳಿಯತ್ತೆ, ಗಂಟೆಗಟ್ಲೆ ಮಿನಿಮಮ್ ಬೆಟ್‌ನಲ್ಲಿ ಕಾಯೋದಿಲ್ಲ, ಬೆಟ್ ಒಂದರಿಂದ ಆರು ಪಟ್ಟಿನ ಒಳಗೇ ಇಟ್ರೂ ನಡಿಯತ್ತೆ. ಅರ್ಧಕ್ಕೇ ಕಲೆಸೋ ಡೀಲರ್ ಆದ್ರೆ ಎದ್ದು ಬರ್ತಿದ್ದೆ, ಪಕ್ಕದ ಟೇಬಲ್‌ನಲ್ಲಿ ಅದೇ ನಿಯಮ ಇದ್ರೂ ಡೀಲರ್ ಕೈ ಬೇರೆ ಇರತ್ತೆ.

ಆರು ಪ್ಯಾಕ್ ಶೂ ಅಂದ್ರೆ 312 ಎಲೆ ಡಬ್ಬದಲ್ಲಿ, ಎಲ್ಲರ ಎಲೇನೂ ಮುಖ ಮೇಲೆ, ಯಾರೂ ಮುಟ್ಟಂಗಿಲ್ಲ. ಎಣಿಸೋಕೆ ನಿಜವಾಗ್ಲೂ ಇದೇ ಸುಲಭ, ರಾಜನ ಪಕ್ಕ ಐದು ಬಿದ್ರೆ ಒಂದಕ್ಕೊಂದು ವಜಾ, ನೋಡೋದೇ ಬೇಡ. ಕಷ್ಟ ಇರೋದು ತಾಳ್ಮೇಲಿ. ಮೊತ್ತ ಪ್ಲಸ್ ಆರು ಅಂದ್ಕೊಳ್ಳಿ, ಮೂರು ಪ್ಯಾಕ್ ಉಳಿದಿದ್ರೆ ಟ್ರೂ ಕೌಂಟ್ ಬರೀ ಎರಡು, ಒಂದೂವರೆ ಪ್ಯಾಕ್ ಉಳಿದಿದ್ರೆ ನಾಲ್ಕು. ಲಾಭ ಎಲ್ಲಾ ಶೂ ಕೊನೇಲೇ ಇರೋದು. ಅದಕ್ಕೇ ಕಟ್ ಕಾರ್ಡ್ (ಇಲ್ಲಿಗೆ ಬಂದ್ರೆ ಮತ್ತೆ ಕಲೆಸ್ಬೇಕು ಅಂತ ಶೂ ಒಳಗೆ ಇಡೋ ಗುರುತಿನ ಕಾರ್ಡ್) ಹಿಂದೆ ಒಂದೂವರೆ ಪ್ಯಾಕ್ ಬಿಟ್ರೆ ಕೂರ್ತೀನಿ, ಎರಡೂವರೆ ಬಿಟ್ರೆ ನಮಸ್ಕಾರ. ಇಲ್ಲಿ ಬೆಟ್ ಒಂದರಿಂದ ಹತ್ತು ಹನ್ನೆರಡು ಪಟ್ಟು ಹರಡ್ಬೇಕಾಗತ್ತೆ, ಅದು ಪಿಟ್‌ನಲ್ಲಿ ನಿಂತು ಟೇಬಲ್‌ಗಳ ಮೇಲೆ ನಿಗಾ ಇಡೋರ ಕಣ್ಣಿಗೆ ಬೀಳತ್ತೆ. ನೆವಾಡಾದಲ್ಲಿ ಎಣಿಸೋರನ್ನ ಆಚೆ ಕಳಿಸಬಹುದು. ನ್ಯೂಜೆರ್ಸಿಲಿ ಎಲೆ ಎಣಿಸೋದ್ರಲ್ಲಿ ಹೆಸರಾದ ಕೆನ್ ಯೂಸ್ಟನ್ ಹೂಡಿದ್ದ ಕೇಸ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ ಕ್ಯಾಸಿನೋ ತನ್ನಷ್ಟಕ್ಕೆ ತಾನು ಹಂಗೆ ಕಳ್ಸಂಗಿಲ್ಲ ಅಂತ ಹೇಳ್ತು, ಆದ್ರೆ ಆ ರಾಜ್ಯದ ಕ್ಯಾಸಿನೋ ಊರು ಅಟ್ಲಾಂಟಿಕ್ ಸಿಟಿಯವರು ಕಟ್ ಕಾರ್ಡ್ ಮುಂದಕ್ಕೆ ತಂದು, ಬೇಕಾದಾಗ ಕಲೆಸಿ ಎಣಿಸೋನನ್ನ ಸುಸ್ತು ಮಾಡಬಹುದು. ಎಲ್ಲಿಗೆ ಹೋದ್ರೂ ಕಟ್ ಕಾರ್ಡ್‌ಗೇ ಬಂದು ನಿಲ್ಲತ್ತೆ ನೋಡಿ.

ಇದಕ್ಕೆ ಬೇಕಾದ ಕಣ್ಣಳತೆ ನಂಗೆ ಬಂದಿದ್ದು ತೋಟದ ಮನೇಲಿ. ಆ ಮಳೇಲಿ ಕರೆಂಟೂ ಇಲ್ಲ ಕೆಲಸಾನೂ ಇಲ್ಲ, ಭಾವ ಡೀಲರ್, ತೋಟದ ರೈಟರ್ ಪಕ್ಕದ ಆಟಗಾರ, ಚಿಪ್ಸ್ ಬದಲಿಗೆ ಕೇರಂ ಪಾನು. ಒಂದು ಪ್ಯಾಕ್ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ, ಅರ್ಧ ಪ್ಯಾಕ್, ಒಂದೂವರೆ, ಎರಡೂವರೆ ಅಂತ ಗುಡ್ಡೆ ಮಾಡಿ ದೂರದಿಂದ ನೋಡಿ ಹೇಳೋದು, ಆಮೇಲೆ ಎಣಿಸಿ ತಾಳೆ ನೋಡೋದು. ಭಾವ ಮಾತ್ರ ಇವತ್ತಿಗೂ ಡೀಲರ್ ಎಕ್ಕ ತೋರಿಸಿದ ತಕ್ಷಣ ಇನ್ಶೂರೆನ್ಸ್ (ಡೀಲರ್‌ಗೆ ಬ್ಲ್ಯಾಕ್‌ಜಾಕ್ ಬೀಳತ್ತೆ ಅನ್ನೋ ಪಕ್ಕದ ಬೆಟ್) ತಗೋತಾರೆ, ಅದು ಟ್ರೂ ಕೌಂಟ್ ಪ್ಲಸ್ ಮೂರಕ್ಕಿಂತ ಕೆಳಗೆ ನಷ್ಟ ಅಂದ್ರೆ ಕೇಳಲ್ಲ.

ಎಲೆ ಕಲೆಸೋ ಮೆಷಿನ್‌ಗಳಲ್ಲಿ ಎರಡು ಥರ, ಕನ್‌ಫ್ಯೂಸ್ ಮಾಡ್ಕೋಬೇಡಿ. ಒಂದು ಶೂ ಆಡ್ತಿರೋವಾಗ ಇನ್ನೊಂದು ಆರು ಪ್ಯಾಕ್ ಕಲೆಸಿ ರೆಡಿ ಇಡೋದು, ಇದ್ರಿಂದ ತೊಂದರೆ ಇಲ್ಲ, ಕಾಯೋ ಟೈಮ್ ಉಳಿಯತ್ತೆ. ಇನ್ನೊಂದರಲ್ಲಿ ಪ್ರತಿ ರೌಂಡ್ ಆದ್ಮೇಲೆ ಎಲೆ ಎಲ್ಲಾ ವಾಪಸ್ ಅದೇ ಮೆಷಿನ್ ಬಾಯಿಗೆ ಹೋಗತ್ತೆ, ಹೋದ ಎಲೆ ಮುಂದಿನ ರೌಂಡ್‌ಗೇ ತಿರುಗಿ ಬರಬಹುದು, ಎಣಿಸೋದು ದಂಡ. ಗುರುತು ಹಿಡಿಯೋಕೆ ಆಡಿ ಮುಗಿದ ಎಲೆ ಎಲ್ಲಿಗೆ ಹೋಗತ್ತೆ ನೋಡಿ, ಪಕ್ಕದ ಟ್ರೇಲಿ ಪೇರಿಸಿದ್ರೆ ಸರಿ, ಮೆಷಿನ್‌ಗೆ ತುರುಕಿದ್ರೆ ಅದೇ. ಬರೀ ಟೈಂಪಾಸ್‌ಗೆ ಆಡೋರಿಗೂ ಹೇಳ್ತೀನಿ, ಇದರಲ್ಲಿ ಕಲೆಸೋಕೆ ಅಂತ ಆಟ ನಿಲ್ಲೋದೇ ಇಲ್ಲ, ಗಂಟೆಗೆ ಕೈ ಜಾಸ್ತಿ, ಜೇಬು ಬೇಗ ಖಾಲಿ.

ಗೋವಾ ವಿಷ್ಯಕ್ಕೆ ಬಂದ್ರೆ ಲೈವ್ ಟೇಬಲ್ ಇರೋದು ನೀರಿನ ಮೇಲಿನ ಹಡಗುಗಳಲ್ಲಿ. ಡೀಲರ್ ಎರಡನೇ ಎಲೆ ಯಾವಾಗ ತಗೋತಾನೆ ಅಂತ ಮೊದ್ಲು ನೋಡಿ, ಕೊನೇಲಿ ತಗೊಳ್ಳೋ ಕಡೆ ಅವನಿಗೆ ಬ್ಲ್ಯಾಕ್‌ಜಾಕ್ ಬಿದ್ರೆ ನೀವು ಡಬಲ್ ಮಾಡಿದ್ದು (ಎರಡು ಪಟ್ಟು ಮಾಡಿದ ಬೆಟ್) ಸ್ಪ್ಲಿಟ್ ಮಾಡಿದ್ದು (ಜೋಡಿ ಎಲೆ ಎರಡು ಕೈ ಮಾಡಿ ಇಟ್ಟ ಬೆಟ್) ಎಲ್ಲಾ ಹೋಗೋ ನಿಯಮ ಇರಬಹುದು, ಅದು ಇನ್ನೊಂದು 0.1% ಖರ್ಚು. ಅದನ್ನೂ ಸಹಿಸಬಹುದು, ಸಹಿಸೋಕಾಗದೆ ಇರೋದು ಟ್ಯಾಕ್ಸ್. 2023 ಅಕ್ಟೋಬರ್ 1ರಿಂದ ಚಿಪ್ಸ್ ಕೊಳ್ಳೋಕೆ ಕೊಡೋ ಪೂರ್ತಿ ದುಡ್ಡಿನ ಮೇಲೆ 28% ಜಿಎಸ್‌ಟಿ, 2025 ಸೆಪ್ಟೆಂಬರ್ 22ರಿಂದ 40%. ಅದರಲ್ಲಿ ನಿಮ್ಮ ತಲೆ ಮೇಲೆ ಎಷ್ಟು ಹಾಕ್ತಾರೆ ಅಂತ ಕೌಂಟರ್‌ನಲ್ಲೇ ಕೇಳ್ಕೊಳ್ಳಿ. ಗೆದ್ದಿದ್ದಕ್ಕೆ 30% ಇನ್‌ಕಮ್ ಟ್ಯಾಕ್ಸ್ ಬೇರೆ, ಸೋತ ದಿನದ್ದು ಕಳೆಯಂಗಿಲ್ಲ. ಚೆನ್ನಾಗಿ ಎಣಿಸೋನಿಗೆ ಸಿಗೋದೇ ಹಾಕಿದ ಬೆಟ್ ಮೇಲೆ 1% ಆಸುಪಾಸು, ಇದರಲ್ಲಿ ಎಲ್ಲಿಂದ ಕಟ್ಟೋದು. ಹಂಗಾಗಿ ಗೋವಾಗೆ ಹೋದ್ರೆ ನಾನು ಮಿನಿಮಮ್ ಬೆಟ್ ಹಾಕಿ ಊಟ ಮಾಡಿ ಬರ್ತೀನಿ, ಕೈಗೆ ಅಭ್ಯಾಸ ಇರ್ಲಿ ಅಂತ ಎಣಿಸ್ತೀನಿ ಅಷ್ಟೇ.