ಐಸ್ ಮೇಕರ್ ನಿಂತಾಗ ನೀರಿನ ದಾರಿ ಹಿಡಿದು ಹುಡುಕುವ ಕ್ರಮ

ನಲ್ಲಿಯ ಪೈಪಿಗೆ ನೇರವಾಗಿ ಜೋಡಿಸಿದ ಎರಡು ಬಾಗಿಲಿನ ಫ್ರಿಜ್‌ನಲ್ಲಿ ಐಸ್ ಬೀಳುವುದು ನಿಂತುಹೋದರೆ, ಐಸ್ ಮೇಕರ್ ಕೆಟ್ಟಿತೆಂದು ನಾವು ತಕ್ಷಣ ತೀರ್ಮಾನಿಸಿಬಿಡುತ್ತೇವೆ. ನಮ್ಮ ಮನೆಯಲ್ಲಿ ಹಾಗಾದಾಗ ರಿಪೇರಿಗೆ ಬಂದವರು ಒಳಗಿನ ಬೋರ್ಡನ್ನೇ ಬದಲಿಸಬೇಕೆಂದರು. ನಿಜವಾದ ದೋಷವಿದ್ದದ್ದು ನೀರು ಒಳಬರುವ ಬಾಯಲ್ಲಿ. ಆದ್ದರಿಂದ ಯಾವ ಬಿಡಿಭಾಗಕ್ಕೂ ಹಣ ಕೊಡುವ ಮೊದಲು ಈ ಪರೀಕ್ಷೆಗಳನ್ನು ನೀವೇ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಐಸ್ ತುಂಬುವ ಡಬ್ಬಿಯನ್ನು ಹೊರಗೆಳೆದು, ಮೇಲಿನ ಅಚ್ಚಿನ ತಟ್ಟೆಯನ್ನು ಟಾರ್ಚ್ ಹಿಡಿದು ನೋಡಿ. ತಟ್ಟೆ ಒಣಗಿದ್ದರೆ ನೀರು ಬರುತ್ತಿಲ್ಲ. ತಟ್ಟೆಯಲ್ಲಿ ಗಟ್ಟಿಯಾದ ಐಸ್ ಇದ್ದೂ ಕೆಳಗೆ ಬೀಳದಿದ್ದರೆ ಅದನ್ನು ಕೆಡವುವ ಭಾಗದಲ್ಲಿ ತೊಂದರೆಯಿದೆ. ನೀರು ನೀರಾಗಿಯೇ ಉಳಿದಿದ್ದರೆ ತಂಪು ಸಾಲದು. ಮುಂದಿನ ಹುಡುಕಾಟವೆಲ್ಲ ಈ ಒಂದು ನೋಟದ ಮೇಲೆ ನಿಂತಿದೆ. ಜೊತೆಗೆ, ಡಬ್ಬಿ ತುಂಬಿದೆಯೇ ಎಂದು ತಿಳಿಯುವ ತಂತಿಯ ಕೈ ಮೇಲಕ್ಕೆತ್ತಿಕೊಂಡಿದ್ದರೆ ಯಂತ್ರ ಬಂದ್ ಆಗಿರುತ್ತದೆ ಎಂಬುದನ್ನು ನೆನಪಿಡಿ. ಬಟಾಣಿ ಪೊಟ್ಟಣವೊಂದು ಅದಕ್ಕೆ ತಾಗಿ ನಿಂತಿದ್ದರೂ ಸಾಕು.

ತಂಪಿನ ವಿಷಯದಲ್ಲಿ ಬಾಗಿಲ ಮೇಲೆ ಕಾಣುವ ಅಂಕಿಯನ್ನು ನಂಬಬಾರದು, ಏಕೆಂದರೆ ಹಲವು ಮಾದರಿಗಳಲ್ಲಿ ಅದು ನಾವು ಕೇಳಿದ ತಂಪೇ ಹೊರತು ಒಳಗೆ ಇರುವ ತಂಪಲ್ಲ. ಥರ್ಮಾಮೀಟರೊಂದನ್ನು ಪೊಟ್ಟಣಗಳ ನಡುವೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿದಾಗ ಅದು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ದೀರ್ಘಕಾಲ ಕರೆಂಟ್ ಹೋಗಿ ಬಂದಿದ್ದರೆ ಒಂದು ದಿನ ಕಾಯುವುದೇ ಸರಿ.

ತಟ್ಟೆ ಒಣಗಿದ್ದರೆ ನೀರಿನ ಒತ್ತಡವನ್ನು ವಿಚಾರಿಸಬೇಕು. ನಮ್ಮ ಕಡೆ ಇದನ್ನು ಯಾರೂ ಗಮನಿಸುವುದಿಲ್ಲ. ಫ್ರಿಜ್‌ನ ಹಿಂದಿರುವ, ನೀರನ್ನು ಒಳಬಿಡುವ ವಿದ್ಯುತ್ ವಾಲ್ವ್ ಸರಿಯಾಗಿ ತೆರೆದು ಮುಚ್ಚಲು ಸಾಮಾನ್ಯವಾಗಿ ಕನಿಷ್ಠ 20 ಪಿಎಸ್‌ಐ (ಒತ್ತಡವನ್ನು ಅಳೆಯುವ ಮಾನ) ಒತ್ತಡ ಬೇಕೆಂದು ತಯಾರಕರು ಹೇಳುತ್ತಾರೆ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಪ್ರತಿ 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 14 ಪಿಎಸ್‌ಐ ಮಾತ್ರ. ಆ ಲೆಕ್ಕದಲ್ಲಿ ಟ್ಯಾಂಕಿನ ನೀರು ಫ್ರಿಜ್‌ಗಿಂತ 14 ಮೀಟರ್ ಮೇಲಿರಬೇಕು. ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ, ಅಥವಾ ಒಂದೇ ಅಂತಸ್ತಿನ ಸ್ವಂತ ಮನೆಯಲ್ಲಿ, ಅಷ್ಟು ಎತ್ತರ ಎಲ್ಲಿಂದ ಬರಬೇಕು? ಗೋಡೆಗೆ ನೇತುಹಾಕಿದ ಆರ್‌ಒ ಯಂತ್ರದ ಪುಟ್ಟ ತೊಟ್ಟಿಯಿಂದ ಪೈಪು ಎಳೆದಿದ್ದರಂತೂ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಫ್ರಿಜ್‌ನ ಪ್ಲಗ್ ತೆಗೆದು, ನೀರಿನ ನಲ್ಲಿ ಮುಚ್ಚಿ, ಹಿಂಬದಿಯ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಹಿಡಿದು ನಲ್ಲಿ ತೆರೆಯಿರಿ: ನೀರು ರಭಸದಿಂದ ಬಂದರೆ ಸರಿ, ಎಳೆಯಂತೆ ಇಳಿದರೆ ಒತ್ತಡ ಹೆಚ್ಚಿಸುವ ಸಣ್ಣ ಪಂಪ್ ಹಾಕಿಸದೆ ಬೇರೆ ದಾರಿಯಿಲ್ಲ. ಫ್ರಿಜ್ ಅನ್ನು ಗೋಡೆಗೆ ಒತ್ತಿದಾಗ ಪೈಪು ಮಡಚಿಕೊಂಡಿರುವ ಸಾಧ್ಯತೆಯನ್ನೂ ಆಗಲೇ ನೋಡಿಬಿಡಬಹುದು.

ರಭಸವಿದ್ದೂ ನೀರು ತಟ್ಟೆಗೆ ತಲುಪದಿದ್ದರೆ ಫಿಲ್ಟರ್ ಕಟ್ಟಿಕೊಂಡಿರಬಹುದು. ಅದನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕೆಂಬುದು ಸಾಮಾನ್ಯ ನಿಯಮ. ಕಾವೇರಿ ನೀರು ಬಾರದೆ ಬೋರ್‌ವೆಲ್ ನೀರನ್ನೇ ನಂಬಿರುವ ಬೆಂಗಳೂರಿನ ಬಡಾವಣೆಗಳಲ್ಲಿ ಅದು ಅಷ್ಟು ದಿನವೂ ಬಾಳದೇ ಹೋಗಬಹುದು. ನಮ್ಮ ಫ್ರಿಜ್‌ನ ವಾಲ್ವ್ ಬಾಯಲ್ಲಿ ಕಿರುಬೆರಳಿನ ಉಗುರಿನಷ್ಟು ಅಗಲದ ಜರಡಿಯೊಂದಿತ್ತು. ಗೀಸರ್‌ ಕಾಯಿಲ್‌ನ ಮೇಲೆ ಕಟ್ಟುವಂಥದೇ ಬಿಳಿ ಪದರ ಅದರ ಕಣ್ಣುಗಳನ್ನೆಲ್ಲ ಮುಚ್ಚಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನಾಲ್ಕೈದು ತೂತುಗಳಷ್ಟೇ ಕಾಣುತ್ತಿದ್ದವು. ವಿನೆಗರ್ ತುಂಬಿದ ಲೋಟದಲ್ಲಿ ಹಾಕಿದಾಗ ಸಣ್ಣ ಗುಳ್ಳೆಗಳೇಳುತ್ತಾ ಪದರ ಕರಗಿತು; ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ತೊಳೆದು, ಮತ್ತೆ ಕೂರಿಸಿದೆವು. ಜರಡಿಯನ್ನು ಪಿನ್ನಿನಿಂದ ಚುಚ್ಚಬೇಡಿ, ಅದು ಹರಿದರೆ ಕೊಳೆಯೆಲ್ಲ ವಾಲ್ವ್‌ನೊಳಗೇ ಸೇರುತ್ತದೆ.

ತಟ್ಟೆಗೆ ನೀರು ಸುರಿಸುವ ಕೊಳವೆಯ ತುದಿಯಲ್ಲಿ ಐಸ್ ಕಟ್ಟಿಕೊಂಡಿದ್ದರೆ, ಪ್ಲಗ್ ತೆಗೆದು, ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ, ಪ್ಲಾಸ್ಟಿಕ್ಕಿಗೆ ತೀರ ಹತ್ತಿರ ಒಯ್ಯದೆ ಹಿಡಿದು ಕರಗಿಸಿ. ಚಾಕು ಹಾಕುವುದು ಬೇಡ. ಕೆಲವೇ ದಿನಗಳಲ್ಲಿ ಅದು ಮತ್ತೆ ಕಟ್ಟಿದರೆ ವಾಲ್ವ್ ಪೂರ್ತಿ ಮುಚ್ಚದೆ ಹನಿ ಹನಿಯಾಗಿ ಸೋರುತ್ತಿದೆ ಎಂದು ತಿಳಿಯಬೇಕು. ಇದಕ್ಕೂ ಒತ್ತಡದ ಕೊರತೆಯೇ ಕಾರಣವಾಗಿರಬಹುದಾದ್ದರಿಂದ, ಅದನ್ನು ಸರಿಪಡಿಸದೆ ಹೊಸ ವಾಲ್ವ್ ಹಾಕಿಸುವುದು ವ್ಯರ್ಥ.

ತಟ್ಟೆ ತುಂಬಿದ್ದೂ ಐಸ್ ಬೀಳದಿದ್ದರೆ, ಐಸ್ ಮೇಕರ್‌ನ ಬದಿಯಲ್ಲೋ ಕೆಳಗೋ ಇರುವ ಪರೀಕ್ಷೆಯ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ತಟ್ಟೆ ತಿರುಗಿದರೆ ಮೋಟಾರ್ ಚೆನ್ನಾಗಿದೆ. ತಿರುಗದಿದ್ದರೆ ಮಾತ್ರ ಮೋಟಾರಿನ ಅಥವಾ ಬೋರ್ಡಿನ ಮಾತು ಬರುತ್ತದೆ, ಅದನ್ನು ಕೆಲಸ ಬಲ್ಲವರಿಗೇ ಬಿಡಬೇಕು.

ಎಲ್ಲವನ್ನೂ ಜೋಡಿಸಿ ಚಾಲೂ ಮಾಡಿದ ಮೇಲೆ ಪೈಪಿನ ಕೀಲುಗಳನ್ನು ಒಣ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ. ಐಸ್ ಬೀಳಲು 24 ಗಂಟೆಯವರೆಗೂ ಹಿಡಿಯಬಹುದು. ಮೊದಲ ಎರಡು ಮೂರು ಸಲದ ಐಸ್ ಅನ್ನು ಪಾನಕಕ್ಕೆ ಬಳಸದೆ ಗಿಡಗಳಿಗೆ ಹಾಕಿ, ಅದರಲ್ಲಿ ಫಿಲ್ಟರಿನ ಪುಡಿ ಮತ್ತು ವಿನೆಗರ್ ವಾಸನೆ ಉಳಿದಿರುತ್ತದೆ.