ಮೊದಲ ಮೈಕ್ರೋಚಿಪ್‌ನ ಮೂಲ ದಾಖಲೆ ಓದೋದು ಹೇಗೆ

ಚಿಪ್ ಕಂಡುಹಿಡಿದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜಾಕ್ ಕಿಲ್ಬಿನಾ, ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನಾಯ್ಸಾ? ಯಾರೋ ಹೇಳಿದ್ದನ್ನು ಸುಮ್ನೆ ಒಪ್ಪೋ ಬದಲು ಮೂಲ ಕಾಗದಗಳನ್ನೇ ನೋಡಿ. ಮುಖ್ಯವಾದ ಕೆಲವು ಮನೆಯಲ್ಲೇ ಕೂತು ಓದೋಕೆ ಸಿಗುತ್ತವೆ, ದುಡ್ಡೂ ಬೇಡ.

ಪೇಟೆಂಟ್‌ನಿಂದಲೇ ಶುರು ಮಾಡಿ. ಗೂಗಲ್ ಪೇಟೆಂಟ್ಸ್‌ನಲ್ಲಿ ಅಮೆರಿಕದ ಪೇಟೆಂಟ್ 3138743 ಹುಡುಕಿ, ಅದು ಕಿಲ್ಬಿಯದು. ಪಕ್ಕದಲ್ಲೇ ನಾಯ್ಸ್‌ರ 2981877 ತೆರೆದಿಡಿ. ಅರ್ಜಿ ಹಾಕಿದ ದಿನ ಬೇರೆ, ಪೇಟೆಂಟ್ ಸಿಕ್ಕ ದಿನ ಬೇರೆ, ಇವನ್ನು ಕಲಸಬೇಡಿ. ಕಿಲ್ಬಿ 1959ರ ಫೆಬ್ರವರಿಯಲ್ಲೇ ಅರ್ಜಿ ಹಾಕಿದರು, ನಾಯ್ಸ್ ಹಾಕಿದ್ದು ಜುಲೈನಲ್ಲಿ. ಆದರೂ ನಾಯ್ಸ್‌ಗೆ 1961ರಲ್ಲೇ ಸಿಕ್ಕಿತು, ಕಿಲ್ಬಿ 1964ರವರೆಗೆ ಕಾಯಬೇಕಾಯಿತು.

ಆಮೇಲೆ ಚಿತ್ರಗಳು. ಪೇಟೆಂಟ್‌ನ ಕಾನೂನು ಭಾಷೆ ಓದೋಕೆ ಮುಂಚೆ ಇವನ್ನು ನಿಧಾನವಾಗಿ ನೋಡಿ, ನನ್ನ ಪ್ರಕಾರ ಇಡೀ ಕಥೆ ಇಲ್ಲೇ ಇದೆ. ಕಿಲ್ಬಿಯ ಚಿತ್ರದಲ್ಲಿ ಸಣ್ಣ ತಂತಿಗಳು ಚಿಪ್‌ನ ಮೇಲೆ ಕಮಾನಿನ ಹಾಗೆ ಎದ್ದು ಒಂದು ಭಾಗದಿಂದ ಇನ್ನೊಂದಕ್ಕೆ ಹಾರುತ್ತವೆ. ನಾಯ್ಸ್‌ರ ಚಿತ್ರದಲ್ಲಿ ಲೋಹದ ಪಟ್ಟಿ ಆಕ್ಸೈಡ್ ಪದರಕ್ಕೆ (ಚಿಪ್‌ನ ಮೇಲಿರೋ, ಕರೆಂಟ್ ಹರಿಯದ ತೆಳು ಹೊದಿಕೆ) ಅಂಟಿಕೊಂಡು ಚಪ್ಪಟೆಯಾಗಿ ಹೋಗುತ್ತದೆ. ತಂತಿಯ ಬದಲು ಆಕ್ಸೈಡ್ ಮೇಲೆ ಚಿನ್ನ ಹಾಕಬಹುದು ಅಂತ ಕಿಲ್ಬಿಯೂ ಬರೆದಿದ್ದರು, ಆದರೆ ಅದು ಆಕ್ಸೈಡ್‌ಗೆ ಅಂಟಿಕೊಂಡಿರುತ್ತದೆ ಅಂತ ಅಷ್ಟರಿಂದಲೇ ಹೇಳೋಕೆ ಆಗುತ್ತಾ ಅನ್ನೋದರ ಮೇಲೆ ಜಗಳ ನಡೆದು, 1969ರಲ್ಲಿ ಮೇಲ್ಮನವಿ ಕೋರ್ಟ್ ನಾಯ್ಸ್ ಪರ ತೀರ್ಪು ಕೊಟ್ಟಿತು. 'ನಾಯ್ಸ್ ವರ್ಸಸ್ ಕಿಲ್ಬಿ' ಅಂತ ಹುಡುಕಿದರೆ ತೀರ್ಪು ಪೂರ್ತಿ ಸಿಗುತ್ತದೆ. ತಪ್ಪದೆ ಓದಿ.

ಮೂರನೆಯದು ಲ್ಯಾಬ್ ನೋಟ್‌ಬುಕ್. ಕಿಲ್ಬಿ ತಮ್ಮ ಐಡಿಯಾ ಬರೆದಿಟ್ಟಿದ್ದು 1958ರ ಜುಲೈ 24ಕ್ಕೆ, ನಾಯ್ಸ್ 1959ರ ಜನವರಿ 23ಕ್ಕೆ. ಪುಟದಲ್ಲಿ ಸಾಕ್ಷಿಯ ಸಹಿ ಇದೆಯಾ ನೋಡಿ. ಆಗ ಅಮೆರಿಕದಲ್ಲಿ ಮೊದಲು ಕಂಡುಹಿಡಿದವರಿಗೇ ಪೇಟೆಂಟ್, ಹಾಗಾಗಿ ಆ ಸಹಿಗೆ ಬೆಲೆ ಜಾಸ್ತಿ.

ಇನ್ನೂ ಆಳಕ್ಕೆ ಹೋಗಬೇಕಾ? ಫೇರ್‌ಚೈಲ್ಡ್ ಕಂಪನಿಯ ನೋಟ್‌ಬುಕ್‌ಗಳು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿವೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ದಾಖಲೆಗಳು ಡಲ್ಲಾಸ್‌ನ ಡಿಗೋಲಿಯರ್ ಲೈಬ್ರರಿಯಲ್ಲಿ. ಅವರಿಗೆ ಬರೆಯೋ ಮುಂಚೆ ಸಂಗ್ರಹದ ಪಟ್ಟಿ ನೋಡಿ ಬಾಕ್ಸ್ ನಂಬರ್, ಫೋಲ್ಡರ್ ನಂಬರ್ ಗುರುತು ಹಾಕಿಕೊಳ್ಳಿ. 'ಕಿಲ್ಬಿ ಬಗ್ಗೆ ಏನಿದ್ರೂ ಕಳಿಸಿ' ಅಂದರೆ ಅವರಿಗೂ ಕಷ್ಟ ಅಲ್ವಾ? ಇಂಥ ಫೋಲ್ಡರ್‌ನ ಇಂಥ ಪುಟ ಅಂತ ಕೇಳಿ, ಸ್ಕ್ಯಾನ್‌ಗೆ ಎಷ್ಟಾಗುತ್ತೆ ಅನ್ನೋದನ್ನೂ ಅದೇ ಮೇಲ್‌ನಲ್ಲಿ ವಿಚಾರಿಸಿ.