ನನ್ನ ಕಾದಂಬರಿ ಶುರುವಾದದ್ದು 43ನೇ ಪುಟದಲ್ಲಿ

ಮೊದಲ ಕರಡಿನಲ್ಲಿ ಅಕ್ಕ ಬೆಳಿಗ್ಗೆ ಏಳುತ್ತಾಳೆ, ಕಿಟಕಿ ತೆಗೆಯುತ್ತಾಳೆ, ಮಳೆ ನೋಡುತ್ತಾ ನಿಲ್ಲುತ್ತಾಳೆ. ಆಮೇಲೆ ಮನೆಯ ವರ್ಣನೆ. ಆ ಮನೆ ಕಟ್ಟಿಸಿದ ಅಜ್ಜನ ಕಥೆ, ಅಪ್ಪನ ಸಾಲ, ತಂಗಿ ಮನೆ ಬಿಟ್ಟು ಹೋದ ರಾತ್ರಿ. ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಮೂರು ಅಧ್ಯಾಯ, 42 ಪುಟ ಆಗಿತ್ತು. ಹನ್ನೆರಡು ವರ್ಷದ ಮೇಲೆ ತಂಗಿ ಬಂದು ಬಾಗಿಲು ತಟ್ಟುವುದು 43ನೇ ಪುಟದಲ್ಲಿ.

ಬರೆಯುವಾಗ ಇದು ತಪ್ಪು ಅಂತ ಅನ್ನಿಸಲೇ ಇಲ್ಲ. ಹಿಂದೆ ಏನಾಯಿತು ಅಂತ ಗೊತ್ತಿಲ್ಲದಿದ್ದರೆ, ಅವಳು ವಾಪಸ್ ಬಂದದ್ದು ಎಷ್ಟು ದೊಡ್ಡ ವಿಷಯ ಅಂತ ಓದುವವರಿಗೆ ಹೇಗೆ ತಿಳಿಯಬೇಕು? ನನ್ನ ಲೆಕ್ಕ ಇದ್ದದ್ದು ಹಾಗೆ. ಆ ಮೊದಲ ಪುಟವನ್ನೇ ತಿದ್ದಿ ತಿದ್ದಿ ನಾಲ್ಕು ತಿಂಗಳು ಕಳೆದೆ. ಮಳೆಯ ವಾಕ್ಯವನ್ನು ಎಷ್ಟು ಸಲ ಬದಲಾಯಿಸಿದೆನೋ ಲೆಕ್ಕವಿಲ್ಲ. ಕಥೆ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಕೊನೆಗೆ ಶುರುವನ್ನು ಇದ್ದ ಹಾಗೇ ಬಿಟ್ಟು, ಮುಂದಿನದನ್ನು ಬರೆಯುತ್ತಾ ಹೋದೆ. ಈ ಕಾದಂಬರಿಯಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಇದೇ ಅಂತ ಈಗಲೂ ಅನ್ನಿಸುತ್ತದೆ.

ಅರ್ಧಕ್ಕಿಂತ ಜಾಸ್ತಿ ಬರೆದ ಮೇಲೆ ಅಲ್ಲಿವರೆಗಿನದನ್ನು ಒಬ್ಬ ಗೆಳತಿಗೆ ಕೊಟ್ಟೆ. ಚೆನ್ನಾಗಿದೆಯಾ ಅಂತ ಕೇಳಲಿಲ್ಲ. ಕೇಳಿದರೆ ಯಾರಾದರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅಲ್ವಾ? "ಓದ್ತಾ ಓದ್ತಾ ಎಲ್ಲಿ ಎತ್ತಿ ಪಕ್ಕಕ್ಕಿಡ್ತೀಯೋ ಅಲ್ಲೊಂದು ಪೆನ್ಸಿಲ್ ಗೆರೆ ಹಾಕು, ಅಷ್ಟು ಸಾಕು" ಅಂದೆ. ವಾಪಸ್ ಬಂದಾಗ ಮೊದಲ 42 ಪುಟದಲ್ಲಿ ಐದು ಗೆರೆ ಇದ್ದವು. ಮುಂದಿನ 60 ಪುಟದಲ್ಲಿ ಒಂದೂ ಇರಲಿಲ್ಲ. ಅವಳು ಏನೂ ಹೇಳಬೇಕಾಗಿರಲಿಲ್ಲ.

ಮೂರೂ ಅಧ್ಯಾಯ ತೆಗೆದೆ. ಆದರೆ ಈ ಸಲ ಇನ್ನೊಂದು ತುದಿಗೆ ಹೋಗಿಬಿಟ್ಟೆ. ಮನೆ ಮಾರುವ ವಿಷಯಕ್ಕೆ ಅಕ್ಕ ತಂಗಿಗೆ ಆಗುವ ದೊಡ್ಡ ಜಗಳವನ್ನೇ ತಂದು ಮೊದಲ ಪುಟಕ್ಕೆ ಹಾಕಿದೆ. "ಸಹಿ ಹಾಕ್ತೀಯೋ ಇಲ್ವೋ?" ಅಂತ ಕಾದಂಬರಿ ತೆರೆಯುತ್ತಿತ್ತು. ಜೋರಾಗೇನೋ ಇತ್ತು. ಆದರೆ ಯಾರು ಕೂಗುತ್ತಿದ್ದಾರೆ, ಯಾರಿಗೆ ನೋವಾಗುತ್ತಿದೆ ಅಂತ ಗೊತ್ತಿಲ್ಲದೆ ಆ ಕೂಗು ಬರೀ ಸದ್ದಾಗಿತ್ತು.

ಕಥೆಯನ್ನು ನಡುವಿನಿಂದ ಶುರುಮಾಡಬೇಕು ಅನ್ನುವ ಮಾತನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. ಈ ಮಾತು ರೋಮಿನ ಕವಿ ಹೊರೇಸ್‌ನದು, ಎರಡು ಸಾವಿರ ವರ್ಷ ಹಳೆಯದು. ಗ್ರೀಕ್ ಕವಿ ಹೋಮರ್ ಟ್ರಾಯ್ ಯುದ್ಧದ ಕಥೆಯನ್ನು, ಆ ಯುದ್ಧಕ್ಕೆ ಕಾರಣಳಾದ ಹೆಲೆನ್ ಪುರಾಣದಲ್ಲಿ ಹುಟ್ಟಿದ ಮೊಟ್ಟೆಯಿಂದ ಶುರುಮಾಡುವುದಿಲ್ಲ, ಕೇಳುಗರನ್ನು ನೇರ ನಡುವಿಗೇ ಕರೆದುಕೊಂಡು ಹೋಗುತ್ತಾನೆ ಅಂತ ಹೊರೇಸ್ ಹೇಳಿದ. ಹೋಮರ್‌ನ ಆ ಮಹಾಕಾವ್ಯ ಇಲಿಯಡ್ ತೆರೆಯುವ ಹೊತ್ತಿಗೆ ಯುದ್ಧದ ಹತ್ತನೇ ವರ್ಷ. ಹಾಗಂತ ಅದು ಕತ್ತಿ ಕಾಳಗದಿಂದ ಶುರುವಾಗುವುದಿಲ್ಲ. ಸೆರೆಯಲ್ಲಿರುವ ಮಗಳನ್ನು ಬಿಡಿಸಿಕೊಂಡು ಹೋಗಲು ಒಬ್ಬ ಮುದುಕ ಪೂಜಾರಿ ಕಾಣಿಕೆ ಹಿಡಿದು ಬರುತ್ತಾನೆ. ದೊರೆ ಅವನನ್ನು ಬೈದು ಅಟ್ಟುತ್ತಾನೆ. ಮುಂದಿನ ಅನಾಹುತವೆಲ್ಲ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಇದನ್ನು ಮತ್ತೆ ಓದಿದಾಗ ನನಗೆ ಹೊಳೆಯಿತು: ನಾನು ಹುಡುಕಬೇಕಾದದ್ದು ಗಲಾಟೆಯನ್ನಲ್ಲ, ಒಮ್ಮೆ ಆಗಿಹೋದರೆ ವಾಪಸ್ ತೆಗೆದುಕೊಳ್ಳಲಾಗದ ಮೊದಲ ಘಟನೆಯನ್ನು.

ನನ್ನ ಕಥೆಯಲ್ಲಿ ಅದು ಬಾಗಿಲು ತಟ್ಟಿದ ಸದ್ದು. ಆದರೆ ಅದಕ್ಕೂ ಮೊದಲು ಅರ್ಧ ಪುಟ ಬೇಕಿತ್ತು. ಏನು ಕದಡಿತು ಅಂತ ತಿಳಿಯಬೇಕಾದರೆ ಮೊದಲು ಏನಿತ್ತು ಅಂತ ಒಮ್ಮೆ ಕಾಣಬೇಕಲ್ಲ. ಹಾಗಾಗಿ ಈಗ ಅಕ್ಕ ಸಂಜೆ ತಂಗಿಯ ಕೋಣೆ ಗುಡಿಸುವುದರಿಂದ ಶುರುವಾಗುತ್ತದೆ. "ಅಕ್ಕ ದೀಪ ಹಾಕಲಿಲ್ಲ. ಮಂಚದ ಕಾಲು ಎಲ್ಲಿದೆ, ಕಪಾಟಿನ ಅಂಚು ಎಲ್ಲಿದೆ ಅಂತ ಪೊರಕೆಗೇ ಗೊತ್ತಿತ್ತು." 42 ಪುಟದಲ್ಲಿ ನಾನು ಹೇಳಲು ಒದ್ದಾಡಿದ ಹನ್ನೆರಡು ವರ್ಷ ಈ ಎರಡು ಸಾಲಿಗೆ ಬಂದು ಕೂತಿತು.

ತೆಗೆದ ಪುಟಗಳನ್ನು ಅಳಿಸಲಿಲ್ಲ, ಬೇರೆ ಫೈಲಿನಲ್ಲಿಟ್ಟೆ. ಅವನ್ನು ಬರೆಯದೆ ಹೋಗಿದ್ದರೆ ಆ ಪೊರಕೆಯ ಸಾಲು ನನಗೆ ಸಿಗುತ್ತಲೇ ಇರಲಿಲ್ಲ. ಅಜ್ಜನ ಕಥೆ ಪೂರ್ತಿ ಹೋಯಿತು, ಯಾರೂ ಕೇಳಲಿಲ್ಲ. ಅಪ್ಪನ ಸಾಲ ಮುಂದೆ ಜಗಳದ ನಡುವೆ ಒಂದೇ ವಾಕ್ಯವಾಗಿ ಬಂತು. ತಂಗಿ ಮನೆ ಬಿಟ್ಟ ರಾತ್ರಿಯನ್ನು ಮಾತ್ರ ಬಹಳ ಹೊತ್ತು ತಡೆದಿಟ್ಟೆ. ಅರ್ಧ ಕಾದಂಬರಿ ಕಳೆದ ಮೇಲೆ ತಂಗಿಯೇ ಅದನ್ನು ಹೇಳುತ್ತಾಳೆ. ಅಕ್ಕ ಇಷ್ಟು ವರ್ಷ ನಂಬಿಕೊಂಡು ಬಂದದ್ದಕ್ಕಿಂತ ಅದು ಬೇರೆಯೇ ಆಗಿರುತ್ತದೆ. ಮೊದಲೇ ಹೇಳಿಬಿಟ್ಟಿದ್ದರೆ ಆ ದೃಶ್ಯ ನನ್ನ ಕೈಗೆ ಬರುತ್ತಲೇ ಇರಲಿಲ್ಲ.

ಶುರು ಸರಿಹೋಯಿತು ಅಂದುಕೊಂಡಿದ್ದೆ. ಆದರೆ ಕೊನೆಯ ಅಧ್ಯಾಯ ಬರೆಯುವಾಗ ನಾನು ಯೋಚಿಸಿರದ ಒಂದು ಮಾತು ಬಂತು: ಅಕ್ಕ ಆ ಕೋಣೆಗೆ ಬೀಗ ಹಾಕದೆ ಮಲಗಲು ಹೋದಳು. ಅದನ್ನು ಬರೆದ ರಾತ್ರಿಯೇ ಮೊದಲ ಪುಟಕ್ಕೆ ವಾಪಸ್ ಹೋಗಿ, ಗುಡಿಸಿ ಮುಗಿಸಿದ ಅಕ್ಕನ ಕೈಗೆ ಒಂದು ಬೀಗ ಕೊಟ್ಟೆ. ಅಲ್ಲಿವರೆಗೆ ಆ ಬಾಗಿಲಿಗೆ ಬರೀ ಚಿಲಕ ಇತ್ತು.